ಕ್ಯಾಮೆರಾ ಆಫ್ ಇರ್ಲಿ ಬಿಡಿ ಮೇಡಂ, ನೋಟ್‌ಬುಕ್ ತೋರಿಸ್ತಾರಾ ನೋಡಿ

ಪ್ರಶ್ನೆ: ನಾನು ಹಿರಿಯೂರು ಕಡೆ ಒಂದು ಅನುದಾನಿತ ಕನ್ನಡ ಮೀಡಿಯಂ ಹೈಸ್ಕೂಲಲ್ಲಿ ಗಣಿತ ಟೀಚರ್. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಸ್ಪೆಷಲ್ ಕ್ಲಾಸ್ ತಗೊಳ್ಳೋಣ ಅಂದ್ರೆ ಹಳ್ಳಿ ಮಕ್ಕಳಿಗೆ ನಾಲ್ಕೂವರೆ ಬಸ್ ತಪ್ಪಿದ್ರೆ ಮತ್ತೆ ಬಸ್ಸಿಲ್ಲ. ಅದಕ್ಕೆ ವಾರಕ್ಕೆ ಮೂರು ದಿನ ಸಂಜೆ 7ರಿಂದ 8 ಗೂಗಲ್ ಮೀಟಲ್ಲಿ ಮಾಡ್ತಿದೀನಿ, ಅದು ಗಂಟೆಗೆ ಕಟ್ ಆದ್ರೆ ಇನ್ನೊಂದು ಲಿಂಕ್ ಹಾಕಿ ಕಾಲು ಗಂಟೆ ಮುಂದುವರಿಸ್ತೀನಿ. 38 ಮಕ್ಕಳಲ್ಲಿ 25-30 ಜನ ಬರ್ತಾರೆ, ಆದ್ರೆ ಎಲ್ಲರ ಕ್ಯಾಮೆರಾ ಆಫ್, ಮೈಕ್ ಆಫ್. "ಅರ್ಥ ಆಯ್ತಾ" ಅಂದ್ರೆ ಅದೇ ಇಬ್ಬರು "ಎಸ್ ಮಿಸ್" ಅಂತಾರೆ, ಮಿಕ್ಕಿದ್ದೆಲ್ಲ ಗೋಡೆ. ಪಿಪಿಟಿ ಮಾಡ್ದೆ, ಕಹೂಟ್ ಅನ್ನೋ ಕ್ವಿಝ್ ಆಟ ಆಡ್ಸಿದೆ, ಒಂದು ವಾರ ಚೆನ್ನಾಗಿತ್ತು ಆಮೇಲೆ ಅದೇ ಕಥೆ. ಕ್ಯಾಮೆರಾ ಕಡ್ಡಾಯ ಮಾಡ್ಬಿಡ್ಲಾ? ನಮ್ಮ ಸ್ಟಾಫ್ ಮೀಟಿಂಗೂ ಈಗ ಆನ್‌ಲೈನ್, ಅದರ ಗತಿನೂ ಇದೇ. ಕ್ಲಾಸ್ ರೆಕಾರ್ಡ್ ಮಾಡಿ ಗ್ರೂಪಿಗೆ ಹಾಕ್ಬೋದಾ ಅನ್ನೋದನ್ನೂ ಹೇಳಿ.

ಉತ್ತರ: ಮೊದಲು ಒಂದು ಮಾತು ಮೇಡಂ, ಸಂಜೆ ಏಳು ಗಂಟೆಗೆ 38ರಲ್ಲಿ 25 ಜನ ಬರ್ತಿದಾರೆ ಅಂದ್ರೆ ನಿಮ್ಮ ಕ್ಲಾಸ್ ಸತ್ತಿಲ್ಲ. ಹಾಲು ಕರೆಯೋ ಹೊತ್ತು ಅದು, ಅಪ್ಪ ಫೋನ್ ತಗೊಂಡು ಮನೆಗೆ ಬರೋ ಹೊತ್ತು, ಎಷ್ಟೋ ಮನೇಲಿ ಕರೆಂಟ್ ಇಲ್ಲದ ಹೊತ್ತು, ಅಂಥಾದ್ರಲ್ಲಿ ಬಂದು ಕೂತಿದಾರೆ. ಬಂದವರ ಕೈಗೆ ಕೆಲಸ ಸಿಗ್ತಿಲ್ಲ ಅಷ್ಟೇ.

ಕ್ಯಾಮೆರಾ ಕಡ್ಡಾಯ ಮಾಡ್ಬೇಡಿ. ಇದನ್ನ ನಾನು ಪುಸ್ತಕ ಓದ್ಕೊಂಡು ಹೇಳ್ತಿಲ್ಲ, ಮಾಡಿ ಕೆಟ್ಟು ಹೇಳ್ತಿದೀನಿ. 2020ರಲ್ಲಿ ನಾನೂ ಆನ್‌ಲೈನ್ ಪಾಠ ಮಾಡೋವಾಗ "ಕ್ಯಾಮೆರಾ ಹಾಕದಿದ್ರೆ ಹಾಜರಿ ಇಲ್ಲ" ಅಂತ ರೂಲ್ಸ್ ಮಾಡ್ದೆ, ಬಹಳ ಶಿಸ್ತಿನ ಮೇಷ್ಟ್ರು ನಾನು ಅನ್ನೋ ಧಿಮಾಕು. ಒಬ್ಬ ಹುಡುಗಿ ಕ್ಯಾಮೆರಾ ಹಾಕಿದ್ಳು, ಹಿಂದೆ ಕೊಟ್ಟಿಗೆ, ಮೂಲೆಯಲ್ಲಿ ಅವಳ ತಾತ ಬರೀ ಟವಲ್ ಸುತ್ಕೊಂಡು ಕೂತು ಕೆಮ್ತಾ ಇದ್ರು. ಯಾರೋ ಇಬ್ಬರು ಹುಡುಗರು ಚಾಟಲ್ಲಿ ನಗೋ ಇಮೋಜಿ ಹಾಕಿದ್ರು ನೋಡಿ, ಆ ಹುಡುಗಿ ಒಂಬತ್ತು ದಿನ ಕ್ಲಾಸಿಗೆ ಬರ್ಲಿಲ್ಲ, ನಾನೇ ಅವರಮ್ಮನಿಗೆ ಫೋನ್ ಮಾಡಿ ಸಾರಿ ಕೇಳ್ಬೇಕಾಯ್ತು. ಕ್ಲಾಸ್‌ರೂಮಲ್ಲಿ ಎಲ್ಲರೂ ಒಂದೇ ಯೂನಿಫಾರ್ಮ್, ಒಂದೇ ಬೆಂಚು. ಕ್ಯಾಮೆರಾ ಆನ್ ಆದ ತಕ್ಷಣ ಮನೆ ಕಾಣುತ್ತೆ, ಬಡತನ ಕಾಣುತ್ತೆ. ಹದಿನೈದು ವರ್ಷದ ಮಗು ಕ್ಯಾಮೆರಾ ಆಫ್ ಮಾಡೋಕೆ ಸೋಮಾರಿತನಕ್ಕಿಂತ ನಾಚಿಕೆ ದೊಡ್ಡ ಕಾರಣ.

ಡೇಟಾ ಲೆಕ್ಕ ಬೇರೆ ಇದೆ. ವಿಡಿಯೋ ಕಾಲ್ ಒಂದು ಗಂಟೆಗೆ ಅರ್ಧ ಜಿಬಿಯಿಂದ ಒಂದು ಜಿಬಿ ತನಕ ನುಂಗುತ್ತೆ, ಬರೀ ಧ್ವನಿ ಆದ್ರೆ ಅದರ ಹತ್ತರಲ್ಲೊಂದು ಪಾಲೂ ಬೇಡ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕಲ್ಲಿ ಅಪ್ಪನ ಯೂಟ್ಯೂಬು, ತಂಗಿಯ ಕಾರ್ಟೂನು ಎಲ್ಲ ಮುಗಿದ್ಮೇಲೆ ಇವರ ಸರದಿ. 2021ರಲ್ಲಿ ಸುಳ್ಯ ಕಡೆ ನೆಟ್‌ವರ್ಕ್ ಸಿಗೋ ಜಾಗಕ್ಕೆ ಹೋಗಿ ಮಗಳು ಮಳೇಲಿ ಕೂತು ಕ್ಲಾಸ್ ಕೇಳ್ತಿದ್ರೆ ಅಪ್ಪ ಕೊಡೆ ಹಿಡ್ಕೊಂಡು ನಿಂತಿದ್ದ ಫೋಟೋ ಎಲ್ಲಾ ಕಡೆ ಓಡಾಡ್ತಲ್ಲ, ನಿಮ್ಮ ಕಡೆ ಮಳೆ ಕಮ್ಮಿ ಇರ್ಬೋದು ಆದ್ರೆ ಟವರ್ ಕಥೆ ಅದೇ ತಾನೆ.

ಇನ್ನೊಂದು ವಿಷಯ, ಕ್ಯಾಮೆರಾ ಆನ್ ಇದ್ರೆ ಗಮನ ಇರುತ್ತೆ ಅನ್ನೋದೂ ಅರ್ಧ ಸತ್ಯ. ಸ್ಟ್ಯಾನ್‌ಫರ್ಡ್‌ನ ಜೆರೆಮಿ ಬೈಲೆನ್ಸನ್ ಅಂತ ಒಬ್ಬರು ಪ್ರೊಫೆಸರ್ 2021ರಲ್ಲಿ ಈ ಝೂಮ್ ಸುಸ್ತು ಯಾಕೆ ಬರುತ್ತೆ ಅಂತ ಬರೆದಿದ್ರು, ನಾಲ್ಕು ಕಾರಣ ಕೊಟ್ಟಿದ್ರು: ಅಷ್ಟೂ ಜನ ಹತ್ತಿರದಿಂದ ದಿಟ್ಟಿಸಿ ನೋಡ್ತಿರೋ ಥರ ಅನ್ಸೋದು, ನಮ್ಮ ಮುಖವನ್ನೇ ನಾವು ಕನ್ನಡಿ ಥರ ನೋಡ್ತಾ ಕೂರೋದು, ಅಲ್ಲಾಡದೆ ಒಂದೇ ಕಡೆ ಕಟ್ಟಿಹಾಕಿದ ಹಾಗೆ ಇರೋದು, ಮತ್ತೆ ಸನ್ನೆ-ಮುಖಭಾವ ಅರ್ಥ ಮಾಡ್ಕೊಳ್ಳೋಕೆ ತಲೆ ಜಾಸ್ತಿ ಕೆಲಸ ಮಾಡೋದು. ಕನ್ನಡಿ ಮುಂದೆ ಕೂರ್ಸಿ ಸಮಾಂತರ ಶ್ರೇಢಿ ಹೇಳ್ಕೊಟ್ರೆ ಹತ್ತನೇ ಕ್ಲಾಸ್ ಮಗು ಏನ್ ನೋಡುತ್ತೆ ಹೇಳಿ, ತನ್ನ ಮೊಡವೆ ನೋಡುತ್ತೆ. ನೀವೂ ನಿಮ್ಮ ಸೆಲ್ಫ್ ವ್ಯೂ ಮುಚ್ಚಿ, ಬೋರ್ಡ್ ಮುಂದೆ ನಿಂತಾಗ ನಮ್ಮ ಮುಖ ನಾವೇ ನೋಡ್ಕೋತಿದ್ವಾ?

ಮುಖ ನೋಡೋ ಆಸೆ ಬಿಟ್ಟು ನೋಟ್‌ಬುಕ್ ನೋಡೋ ಆಸೆ ಇಟ್ಕೊಳಿ, ಆಗ ಕ್ಲಾಸ್ ಪ್ಲಾನ್ ಮಾಡೋ ರೀತಿನೇ ಬೇರೆ ಆಗುತ್ತೆ. ಹೇಗೆ ಅಂತ ಒಂದು ಲೆಕ್ಕ ಇಟ್ಕೊಂಡು ಹೇಳ್ತೀನಿ.

ಶ್ರೇಢಿ 5, 8, 11, ಹೀಗೆ ಹೋಗ್ತಿದೆ, 20ನೇ ಪದ ಎಷ್ಟು? ಇದನ್ನ ಮೀಟಲ್ಲಿ "ಯಾರ್ ಹೇಳ್ತೀರಿ" ಅಂತ ಕೇಳಿದ್ರೆ ಅದೇ ಇಬ್ಬರು ಹೇಳ್ತಾರೆ, ಅವರು ಹೇಳಿದ ಕ್ಷಣ ಮಿಕ್ಕ 26 ಜನರ ಯೋಚನೆ ನಿಂತ್ಹೋಗುತ್ತೆ. ಅದರ ಬದಲು ಹೀಗೆ ಮಾಡಿ, ಇದು ನನಗೆ ಸಿಕ್ಕ ಅತ್ಯಂತ ಒಳ್ಳೆ ಉಪಾಯ: "ಎಲ್ಲರೂ ನೋಟ್‌ಬುಕ್ಕಲ್ಲಿ ಮಾಡಿ, ಉತ್ತರ ಚಾಟಲ್ಲಿ ಟೈಪ್ ಮಾಡಿ ಇಟ್ಕೊಳಿ, ಕಳಿಸ್ಬೇಡಿ, ನಾನು ಮೂರು ಎಣಿಸಿದ್ಮೇಲೆ ಎಲ್ಲರೂ ಒಟ್ಟಿಗೆ ಒತ್ತಿ." ಒಂದು ನಿಮಿಷ ಪೂರ್ತಿ ಸುಮ್ನಿರಿ. ಒಂದು, ಎರಡು, ಮೂರು ಅಂದ್ರೆ ಚಾಟಲ್ಲಿ ದಬದಬ ಅಂತ ಬೀಳುತ್ತೆ, 62, 65, 65, 62, 60, 65. ಒಬ್ಬರದ್ದು ನೋಡಿ ಇನ್ನೊಬ್ಬರು ಬರೆಯೋಕೆ ಟೈಮ್ ಇಲ್ಲ. ಕ್ಲಾಸ್‌ರೂಮಲ್ಲೂ ನಿಮಗೆ 28 ಮಕ್ಕಳ ಉತ್ತರ ಎರಡು ಸೆಕೆಂಡಲ್ಲಿ ಒಟ್ಟಿಗೆ ಕಾಣ್ಸಲ್ಲ ಅಲ್ವಾ, ಆನ್‌ಲೈನಲ್ಲಿ ಮಾತ್ರ ಸಿಗೋ ಲಾಭ ಇದು, ನಾವೇ ಬಳಸ್ಕೊಳ್ಳಲ್ಲ.

ಈಗ ಮುಖ್ಯವಾದದ್ದು. "62 ಸರಿ, ಶಭಾಷ್" ಅಂತ ಮುಂದಕ್ಕೆ ಹೋಗ್ಬೇಡಿ. "65 ಬಹಳ ಜನ ಬರೆದಿದೀರಿ, ತಲೆಯಿಲ್ಲದೆ ಯಾರೂ 65 ಬರೆಯೋಕಾಗಲ್ಲ, ಅದು ಹೇಗೆ ಬಂತು ಅಂತ 62 ಬರೆದವರು ಕಂಡುಹಿಡೀರಿ" ಅನ್ನಿ. ಆಗ ಒಬ್ಬರು ಹೇಳ್ತಾರೆ, 20 ಇಂಟು 3, 60, ಅದಕ್ಕೆ 5 ಕೂಡಿಸಿದಾರೆ ಮಿಸ್. ಸರಿ ಉತ್ತರಕ್ಕೆ 5ಕ್ಕೆ 3ನ್ನ 19 ಸಲ ಕೂಡಿಸ್ಬೇಕು, ಹಾಗಾದ್ರೆ 20 ಬಿಟ್ಟು ಯಾಕೆ 19? ಇಲ್ಲಿ ಸೂತ್ರ ತೋರಿಸ್ಬೇಡಿ, ಬೇಲಿ ತೋರಿಸಿ. ತೋಟಕ್ಕೆ ಬೇಲಿ ಹಾಕೋಕೆ ಸಾಲಾಗಿ 20 ಕಲ್ಲುಕಂಬ ನೆಟ್ರೆ ಮಧ್ಯದಲ್ಲಿ ಎಷ್ಟು ಸಂದು? 19. ಮೊದಲ ಕಂಬಕ್ಕೆ ನಡ್ಕೊಂಡು ಹೋಗೋ ಅವಶ್ಯಕತೆ ಇಲ್ಲ, ಅಲ್ಲೇ ನಿಂತಿದೀವಿ. ಹಿರಿಯೂರು ಕಡೆ ಮಕ್ಕಳಿಗೆ ಇದನ್ನ ವಿವರಿಸ್ಬೇಕಾಗೇ ಇಲ್ಲ, ಕಂಬದ ಲೆಕ್ಕ ನಿಮಗಿಂತ ಅವರಿಗೇ ಚೆನ್ನಾಗಿ ಗೊತ್ತು. ಆಮೇಲೆ ಎನ್ ಮೈನಸ್ ಒಂದು ಅನ್ನೋದನ್ನ ಅವರು ಮರೆಯಲ್ಲ. ಒಂದು ಲೆಕ್ಕಕ್ಕೆ ಹನ್ನೆರಡು ನಿಮಿಷ ಹೋಯ್ತು ಅನ್ಸುತ್ತೆ, ಹೋಗ್ಲಿ ಬಿಡಿ. ಗಂಟೆಗೆ ಒಂಬತ್ತು ಲೆಕ್ಕ ನೀವು ಬಿಡಿಸಿ ಅವರು ಕಾಪಿ ಮಾಡೋದಕ್ಕಿಂತ ಮೂರು ಲೆಕ್ಕ ಅವರೇ ಒದ್ದಾಡಿದ್ರೆ ಪರೀಕ್ಷೆಲಿ ಕೈ ಹಿಡಿಯುತ್ತೆ. ರೋಡಿಗರ್ ಮತ್ತೆ ಕಾರ್ಪಿಕೆ ಅನ್ನೋರು 2006ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದೂ ಹತ್ತಿರ ಹತ್ತಿರ ಇದೇ, ಓದಿದ್ದನ್ನೇ ಮತ್ತೆ ಮತ್ತೆ ಓದಿದವರಿಗಿಂತ ಪುಸ್ತಕ ಮುಚ್ಚಿ ನೆನಪಿಸ್ಕೊಂಡು ಬರೆದವರಿಗೆ ವಾರದ ನಂತರ ಜಾಸ್ತಿ ನೆನಪಿತ್ತು.

ಸುಮ್ನಿರಿ ಅಂದೆ ನೋಡಿ, ಅದೇ ನಮಗೆ ಬರಲ್ಲ. ಮೇರಿ ಬಡ್ ರೋ ಅಂತ ಅಮೆರಿಕದ ಒಬ್ಬರು ಶಿಕ್ಷಣ ಸಂಶೋಧಕಿ 1970ರ ದಶಕದಲ್ಲೇ ಟೀಚರುಗಳ ಪಾಠ ರೆಕಾರ್ಡ್ ಮಾಡಿ ಅಳೆದ್ರು, ಪ್ರಶ್ನೆ ಕೇಳಿದ್ಮೇಲೆ ನಾವು ಕಾಯೋದು ಸರಾಸರಿ ಒಂದು ಸೆಕೆಂಡು. ಮೂರು ಸೆಕೆಂಡ್ ಕಾದ್ರೆ ಉತ್ತರ ಉದ್ದ ಆಗುತ್ತೆ, ಮಾತಾಡದ ಮಕ್ಕಳೂ ಮಾತಾಡ್ತಾರೆ ಅಂತ ಅವರಿಗೆ ಕಂಡುಬಂತು. ಅದು ಎದುರಾಬದುರು ಕೂತಾಗಿನ ಲೆಕ್ಕ. ಆನ್‌ಲೈನಲ್ಲಿ ನಿಮ್ಮ ಧ್ವನಿ ಆ ಕಡೆ ಮುಟ್ಬೇಕು, ಮಗು ಯೋಚ್ನೆ ಮಾಡ್ಬೇಕು, ಪಕ್ಕದಲ್ಲಿ ಟಿವಿ ಸೌಂಡ್ ಕಮ್ಮಿ ಮಾಡಿ ಅಂತ ಅಜ್ಜಿಗೆ ಹೇಳ್ಬೇಕು, ಆಮೇಲೆ ಅನ್‌ಮ್ಯೂಟ್ ಬಟನ್ ಹುಡುಕ್ಬೇಕು. ಹತ್ತು ಸೆಕೆಂಡಿಗಿಂತ ಕಮ್ಮಿ ಕಾದ್ರೆ ಕೇಳಿದ್ದೂ ದಂಡ. ನಾನು ಪ್ರಶ್ನೆ ಕೇಳಿದ ತಕ್ಷಣ ಪಕ್ಕದಲ್ಲಿರೋ ಲೋಟದಿಂದ ಒಂದು ಗುಟುಕು ನೀರು ಕುಡೀತೀನಿ, ಬಾಯಿ ಮುಚ್ಕೊಂಡಿರೋಕೆ ಅದೊಂದೇ ದಾರಿ ನನಗೆ.

ಇದೇನೂ ಹೊಸ ವಿದ್ಯೆ ಅಲ್ಲ. ನಮ್ಮ ಆಕಾಶವಾಣಿಯಲ್ಲಿ ಶಾಲೆ ಮಕ್ಕಳಿಗೆ ಬರ್ತಿದ್ದ ಚುಕ್ಕಿ ಚಿನ್ನ, ಕೇಳಿ ಕಲಿ ನಿಮಗೂ ನೆನಪಿರ್ಬೇಕು. ರೇಡಿಯೋದವರಿಗೆ ಮಕ್ಕಳು ಕಾಣೋದೂ ಇಲ್ಲ, ಕೇಳೋದೂ ಇಲ್ಲ, ಆದ್ರೂ ಪ್ರಶ್ನೆ ಕೇಳಿ ಸ್ವಲ್ಪ ಹೊತ್ತು ಸುಮ್ನಾಗ್ತಿದ್ರು, ಇತ್ಲಾಗೆ ಕ್ಲಾಸಲ್ಲಿ ಮಕ್ಕಳು ಕೂಗಿ ಉತ್ತರ ಹೇಳೋರು. ಪೆಟ್ಟಿಗೆಗೆ ಉತ್ತರ ಕೊಡೋ ಮಕ್ಕಳು ನಿಮಗೆ ಕೊಡಲ್ವಾ, ಜಾಗ ಬಿಡ್ಬೇಕಷ್ಟೆ.

"ಅರ್ಥ ಆಯ್ತಾ" ಅನ್ನೋ ಪ್ರಶ್ನೆನ ಮಾತ್ರ ದಯವಿಟ್ಟು ನಿಲ್ಲಿಸ್ಬಿಡಿ. ಅರ್ಥ ಆಗದೇ ಇರೋ ಮಗುಗೆ ತನಗೆ ಅರ್ಥ ಆಗಿಲ್ಲ ಅಂತಾನೂ ಗೊತ್ತಿರಲ್ಲ.

ಮೈಕಲ್ಲಿ ಮಾತಾಡ್ಸೋದಕ್ಕೆ ನಾನು ಮಾಡೋದು, ಮೊದಲೇ ಹೇಳಿ ಕರೆಯೋದು. "ರೋಲ್ ನಂಬರ್ 14, ಈ ಲೆಕ್ಕ ಆದ್ಮೇಲೆ ಎರಡನೇ ಸ್ಟೆಪ್ ನಿನ್ನ ಕೇಳ್ತೀನಿ, ರೆಡಿ ಮಾಡ್ಕೋ" ಅಂದ್ರೆ ಅವನಿಗೆ ಹೊರಗಡೆ ಹೋಗಿ ಸಿಗ್ನಲ್ ಸಿಗೋ ಜಾಗ ಹುಡುಕೋಕೂ ಟೈಮ್ ಸಿಗುತ್ತೆ. ದಿಢೀರ್ ಅಂತ ಹೆಸರು ಕರೆದ್ರೆ "ಮಿಸ್ ಕೇಳಿಸ್ತಿಲ್ಲ ಮಿಸ್" ಅನ್ನೋ ಉತ್ತರ ಗ್ಯಾರಂಟಿ, ಅದರಲ್ಲಿ ಅರ್ಧ ನೆಟ್‌ವರ್ಕು, ಅರ್ಧ ನಾಟಕ, ಯಾವುದು ಯಾವುದು ಅಂತ ಬ್ರಹ್ಮನಿಗೂ ಗೊತ್ತಾಗಲ್ಲ. ಯಾವತ್ತೂ ಮಾತಾಡದ ಮಕ್ಕಳಿಗೆ ವಾಟ್ಸಾಪಲ್ಲಿ ನಿಮ್ಮ ನಂಬರಿಗೆ ಮಾತ್ರ ಅರ್ಧ ನಿಮಿಷದ ವಾಯ್ಸ್ ನೋಟ್ ಕಳಿಸೋಕೆ ಹೇಳಿ, "ಈ ಲೆಕ್ಕ ನಿನ್ನ ತಂಗಿಗೆ ಹೇಳ್ಕೊಡೋ ಥರ ಹೇಳು" ಅಂತ. ನಾಲ್ಕು ಜನರ ಮುಂದೆ ಬಾಯಿ ಬಿಡದವರು ಅಲ್ಲಿ ಎಷ್ಟು ಚೆಂದ ಹೇಳ್ತಾರೆ ಗೊತ್ತಾ. ಚಾಟಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡ್ತಾರೆ, ಸ್ಪೆಲ್ಲಿಂಗ್ ಕೆಟ್ಟಿರುತ್ತೆ, ಅಲ್ಲಿ ತಿದ್ದೋಕೆ ಹೋಗ್ಬೇಡಿ, ಅದು ಗಣಿತದ ಪೀರಿಯಡ್ಡು.

ಪಿಪಿಟಿ ವಿಷಯ. ನಿಮ್ಮ ಸ್ಲೈಡ್‌ನ ಒಂದ್ಸಲ ನಿಮ್ಮ ಮೊಬೈಲಲ್ಲೇ ತೆಗೆದು, ಕೈ ಚಾಚಿ ಹಿಡಿದು ನೋಡಿ, ಓದೋಕಾಗುತ್ತಾ? ನಿಮ್ಮ ಮಕ್ಕಳು ನೋಡ್ತಿರೋದು ಅಂಗೈಯಗಲದ ಸ್ಕ್ರೀನು, ಅದೂ ಅರ್ಧ ಒಡೆದಿರುತ್ತೆ. ಗಣಿತಕ್ಕೆ ಪಿಪಿಟಿಗಿಂತ ನಿಮ್ಮ ಕೈಬರಹ ಮೇಲು, ಯಾಕಂದ್ರೆ ಬರೆಯೋ ಕೈ ಜೊತೆ ಕಣ್ಣು ಓಡುತ್ತೆ, ಎಲ್ಲಾ ಸ್ಟೆಪ್ಪೂ ಒಟ್ಟಿಗೆ ಬಂದು ಬಿದ್ರೆ ಕಣ್ಣು ಸೋಲುತ್ತೆ. ದುಡ್ಡು ಖರ್ಚಿಲ್ಲದ ಸೆಟಪ್ ಹೇಳ್ತೀನಿ: ಒಂದೇ ಎತ್ತರದ ಎರಡು ಸ್ಟೀಲ್ ಡಬ್ಬ, ಮೇಲೆ ಅಡ್ಡಡ್ಡ ಎರಡು ಮರದ ಸ್ಕೇಲು, ಸ್ಕೇಲ್ ಮೇಲೆ ಹಿಂದಿನ ಕ್ಯಾಮೆರಾ ಕೆಳಗೆ ಮುಖ ಮಾಡಿರೋ ಹಾಗೆ ಫೋನು, ಜಾರದಂಗೆ ರಬ್ಬರ್ ಬ್ಯಾಂಡು. ಡಬ್ಬದಲ್ಲಿ ಅಕ್ಕಿನೋ ಬೇಳೆನೋ ತುಂಬಿರ್ಲಿ, ಖಾಲಿ ಡಬ್ಬ ಉರುಳುತ್ತೆ, ನಂದು ಒಂದ್ಸಲ ಉರುಳಿ ಫೋನ್ ಸೀದಾ ಕಾಫಿ ಲೋಟಕ್ಕೆ. ಲ್ಯಾಪ್‌ಟಾಪಲ್ಲಿ ಮೀಟಿಂಗ್ ನಡೆಸಿ, ಈ ಫೋನನ್ನ ಇನ್ನೊಬ್ಬ ಮೆಂಬರ್ ಥರ ಅದೇ ಲಿಂಕಿಗೆ ಸೇರಿಸಿ, ಆದ್ರೆ ಫೋನಿನ ಮೈಕೂ ಸ್ಪೀಕರೂ ಎರಡೂ ಬಂದ್ ಇರ್ಬೇಕು, ಇಲ್ಲಾಂದ್ರೆ ಕೂಯ್ ಅಂತ ಕಿರುಚುತ್ತೆ. ಮಕ್ಕಳಿಗೆ ಆ ಫೋನಿನ ಚೌಕವನ್ನ ಪಿನ್ ಮಾಡ್ಕೊಳ್ಳೋಕೆ ಹೇಳಿ. ಕಪ್ಪು ಸ್ಕೆಚ್ ಪೆನ್ನು, ಎ4 ಹಾಳೆ ಅಡ್ಡ ಇಟ್ಕೊಂಡು ಒಂದು ಹಾಳೆಗೆ ನಾಲ್ಕೈದು ಸಾಲು ಅಷ್ಟೇ. ಬಾಲ್ ಪೆನ್ ಬೇಡ, ಕಾಣಲ್ಲ.

ಕಹೂಟು, ಮೆಂಟಿಮೀಟರು ಥರದ ಕ್ವಿಝ್-ಪೋಲ್ ಆಪ್ ಎಲ್ಲ ಜಾತ್ರೆ ತೇರಿದ್ದ ಹಾಗೆ, ಯಾವಾಗ್ಲೋ ಒಂದ್ಸಲ ಎಳೆದ್ರೆ ಚಂದ. ಒಂದು ಫೋನಲ್ಲಿ ಮೀಟ್ ನೋಡ್ತಾ ಅದೇ ಫೋನಲ್ಲಿ ಇನ್ನೊಂದು ಆಪ್ ತೆಗಿ ಅಂದ್ರೆ ಎರಡು ಜಿಬಿ ರ್‍ಯಾಮ್ ಫೋನು ನೇಣು ಹಾಕ್ಕೊಳ್ಳುತ್ತೆ. ವಾಟ್ಸಾಪ್ ಪೋಲ್ ಸಾಕು. ಜಾಮ್‌ಬೋರ್ಡ್ ಅನ್ನೋ ಆನ್‌ಲೈನ್ ಬೋರ್ಡ್ ಬಳಸಿ ಅಂತ ಇನ್ನೂ ತರಬೇತಿಗಳಲ್ಲಿ ಹೇಳೋರಿದಾರೆ, ಅದನ್ನ ಗೂಗಲ್‌ನವರು 2024ರ ಕೊನೆಗೆ ಮುಚ್ಚಿಬಿಟ್ರು. ಜಿಯೋಜಿಬ್ರಾ ಅನ್ನೋ ರೇಖಾಗಣಿತದ ಚಿತ್ರ ಬರೆಯೋ ಆಪ್ ಒಂದು ಮಾತ್ರ ಕಲಿತ್ಕೊಳಿ, ಪುಕ್ಕಟೆ, ಮೊಬೈಲ್ ಬ್ರೌಸರಲ್ಲೇ ಓಡುತ್ತೆ, ತ್ರಿಭುಜದ ಪಾಠಕ್ಕೆ ಬಂಗಾರ.

ಟೈಮ್ ಬಗ್ಗೆ. ಎಪ್ಪತ್ತೈದು ನಿಮಿಷ ಜಾಸ್ತಿ ಆಯ್ತು ಮೇಡಂ. ಕೇಂದ್ರದವರು ಜುಲೈ 2020ರಲ್ಲಿ ಪ್ರಗ್ಯಾತಾ ಅಂತ ಮಾರ್ಗಸೂಚಿ ತಂದಾಗ 9ರಿಂದ 12ನೇ ಕ್ಲಾಸಿಗೂ ಒಂದು ಸೆಷನ್ 30ರಿಂದ 45 ನಿಮಿಷ ಅಂತಾನೇ ಇಟ್ಟಿದ್ರು. ನೀವು 45ಕ್ಕೆ ನಿಲ್ಲಿಸಿ, ಎರಡನೇ ಲಿಂಕಿನ ತಾಪತ್ರಯನೇ ಇರಲ್ಲ. ಟೈಮ್ ಎಲ್ಲಿ ಉಳಿಸೋದು ಅಂದ್ರೆ ಹಾಜರಿಯಲ್ಲಿ. 38 ಹೆಸರು, ಒಂದಕ್ಕೆ ಎಂಟು ಸೆಕೆಂಡ್ ಅಂದ್ರೂ ಐದು ನಿಮಿಷ, "ಪ್ರೆಸೆಂಟ್ ಮಿಸ್" ಅನ್ನೋದ್ರಲ್ಲೇ ಮಕ್ಕಳ ಉತ್ಸಾಹ ಇಳಿದಿರುತ್ತೆ. ಹಾಜರಿ ಕರೆಯೋದೇ ಬೇಡ. ಏಳು ಗಂಟೆಗೆ ಲಿಂಕ್ ತೆಗೆದ ತಕ್ಷಣ ಹಿಂದಿನ ಕ್ಲಾಸಿನ ಒಂದು ಲೆಕ್ಕ ಹಾಳೆ ಮೇಲೆ ಬರೆದು ಕ್ಯಾಮೆರಾ ಕೆಳಗೆ ಇಟ್ಟಿರಿ, ಬಂದವರು ಬಂದಂಗೆ ಮಾಡಿ ರೋಲ್ ನಂಬರ್ ಜೊತೆ ಉತ್ತರ ಚಾಟಿಗೆ ಹಾಕ್ಲಿ, ಅದೇ ಹಾಜರಿ. ತಡವಾಗಿ ಬಂದವರೂ ಬೈಸಿಕೊಳ್ಳದೆ ಕೆಲಸಕ್ಕೆ ಕೂರ್ತಾರೆ.

ಕೊನೆ ಐದು ನಿಮಿಷ ನೋಟ್‌ಬುಕ್ ಫೋಟೋ. ಅವತ್ತು ಮಾಡಿದ ಒಂದೇ ಪುಟ, ವಾಟ್ಸಾಪಲ್ಲಿ ನಿಮಗೆ, ಗ್ರೂಪಿಗಲ್ಲ. 28 ಫೋಟೋ ತಿದ್ದೋಕೆ ಕೂತ್ರೆ ನಿಮ್ಮ ರಾತ್ರಿ ಊಟ ಹನ್ನೊಂದಕ್ಕೆ ಆಗುತ್ತೆ, ಅದಕ್ಕೆ ಎಲ್ಲ ತಿದ್ಬೇಡಿ. ಎಲ್ಲಾನೂ ಮೇಲೆಮೇಲೆ ನೋಡಿ, ಮೂರು ತಪ್ಪು ಆರಿಸ್ಕೊಳಿ, ಮುಂದಿನ ಕ್ಲಾಸಿನ ಮೊದಲ ಲೆಕ್ಕ ಆ ತಪ್ಪಿನಿಂದಲೇ ಶುರು ಮಾಡಿ, ಹೆಸರು ಹೇಳ್ದೆ. "ನಮ್ಮ ಮಿಸ್ ನನ್ನ ಪುಟ ನೋಡಿದಾರೆ" ಅಂತ ಆ ಮಗುಗೆ ಮಾತ್ರ ಗೊತ್ತಾಗುತ್ತೆ.

ಬ್ರೇಕೌಟ್ ರೂಮ್, ಅಂದ್ರೆ ಮೀಟಿಂಗಲ್ಲೇ ಮಕ್ಕಳನ್ನ ಚಿಕ್ಕ ಚಿಕ್ಕ ಗುಂಪು ಮಾಡಿ ಬೇರೆ ಬೇರೆ ರೂಮಿಗೆ ಕಳಿಸೋದು, ಅದರ ಬಗ್ಗೆ ನೀವು ಕೇಳಿಲ್ಲ ಆದ್ರೆ ಯಾರಾದ್ರೂ ಹೇಳೇ ಹೇಳ್ತಾರೆ. ನಿಮ್ಮ ಒಬ್ಬರಿಗೆ ಏಳು ರೂಮ್ ನೋಡ್ಕೊಳ್ಳೋಕಾಗಲ್ಲ, ಒಳಗೆ ಏನಾಗುತ್ತೆ ಅಂತ ಗೊತ್ತಾಗಲ್ಲ, ಹತ್ತನೇ ಕ್ಲಾಸ್ ಮಕ್ಕಳು ಬೇರೆ. ನನ್ನ ಮಟ್ಟಿಗೆ ಬೇಡ.

ಸ್ಟಾಫ್ ಮೀಟಿಂಗ್ ಕಥೆಗೆ ಬರೋಣ. ಇದರಲ್ಲಿ ಮಕ್ಕಳಿಗಿಂತ ನಾವೇ ಕಡೆ, ಒಬ್ಬರು ಸೊಪ್ಪು ಬಿಡಿಸ್ತಾ, ಒಬ್ಬರು ಬಸ್ಸಲ್ಲಿ, ಒಬ್ಬರು ಲಾಗಿನ್ ಆಗಿ ಫೋನ್ ಚಾರ್ಜಿಗೆ ಹಾಕಿ ಹೊರಗೆ ಹೋಗಿರ್ತಾರೆ. ತಪ್ಪು ಅವರದ್ದಲ್ಲ, ಹೆಡ್ ಮಾಸ್ಟರು ಸರ್ಕ್ಯುಲರ್ ಓದಿ ಹೇಳ್ತಿದ್ರೆ ಕೇಳೋರು ಇನ್ನೇನ್ ಮಾಡ್ಬೇಕು. ಓದೋದು ಏನಿದ್ರೂ ಹಿಂದಿನ ದಿನವೇ ಗ್ರೂಪಿಗೆ ಬರ್ಲಿ, ಮೀಟಿಂಗಲ್ಲಿ ತೀರ್ಮಾನ ಮಾತ್ರ ಆಗ್ಲಿ. ನಿಮ್ಮ ಎಚ್ಚೆಮ್ ಹತ್ರ ಹೀಗೆ ಹೇಳಿ ನೋಡಿ: "ಸರ್, ಮೂರು ಪ್ರಶ್ನೆ ಮೊದಲೇ ಕಳಿಸಿ, ಒಂದೊಂದಕ್ಕೆ ಒಬ್ಬರನ್ನ ಹೊಣೆ ಮಾಡಿ." ಪ್ರಿಪರೇಟರಿ ಪರೀಕ್ಷೆ ಪೇಪರ್ ಯಾರ್ ತಿದ್ತಾರೆ, ಗೈರು ಹಾಜರಾಗ್ತಿರೋ ಆ ಆರು ಮಕ್ಕಳ ಮನೆಗೆ ಯಾರ್ ಹೋಗ್ತಾರೆ, ಈ ಥರ. ಮಾತಾಡೋ ಸರದಿ ಕಿರಿಯರಿಂದ ಶುರು ಆಗ್ಲಿ, ಹಿರಿಯ ಮೇಷ್ಟ್ರು ಮೊದಲು ಮಾತಾಡಿದ್ರೆ ಮಿಕ್ಕವರೆಲ್ಲ "ಸರ್ ಹೇಳಿದ್ದೇ ಸರಿ" ಅಂತ ಮುಗಿಸ್ಬಿಡ್ತಾರೆ. ಇಪ್ಪತ್ತೈದು ನಿಮಿಷ, ಮುಗೀತು. ಇಲ್ಲಿ ಕ್ಯಾಮೆರಾ ಕೇಳ್ಬೋದು, ನಾವು ಸಂಬಳ ತಗೊಳ್ಳೋರು.

ರೆಕಾರ್ಡಿಂಗ್ ಹಾಕ್ಬೋದಾ ಅಂದ್ರಿ. ಇಡೀ ಕ್ಲಾಸ್ ಹಾಕ್ಬೇಡಿ. ಅದರಲ್ಲಿ ಮಕ್ಕಳ ಹೆಸರು, ಧ್ವನಿ, ತಪ್ಪು ಉತ್ತರ ಎಲ್ಲ ಇರುತ್ತೆ, ಗ್ರೂಪಿಂದ ಗ್ರೂಪಿಗೆ ಹೋಗಿ ಯಾರ್ ಕೈಗೆ ಸಿಗುತ್ತೋ ಗೊತ್ತಾಗಲ್ಲ, ರೆಕಾರ್ಡ್ ಆಗ್ತಿದೆ ಅಂತ ಗೊತ್ತಾದ್ರೆ ಅಷ್ಟಿಷ್ಟು ಮಾತಾಡೋರೂ ಬಾಯಿ ಮುಚ್ಕೋತಾರೆ. ಅದೂ ಅಲ್ಲದೆ ಮುಕ್ಕಾಲು ಗಂಟೆ ವಿಡಿಯೋ ಯಾರೂ ನೋಡಲ್ಲ. ಎಡೆಕ್ಸ್ ಅನ್ನೋ ಆನ್‌ಲೈನ್ ಕಲಿಕೆ ತಾಣದ ಕೋರ್ಸುಗಳ 69 ಲಕ್ಷ ಸಲದ ವೀಕ್ಷಣೆ ಲೆಕ್ಕ ಹಾಕಿ 2014ರಲ್ಲಿ ಒಂದು ಅಧ್ಯಯನ ಬಂದಿತ್ತು, ವಿಡಿಯೋ ಎಷ್ಟೇ ಉದ್ದ ಇದ್ರೂ ಜನ ಸಾಮಾನ್ಯವಾಗಿ ಕೂತು ನೋಡೋದು ಆರು ನಿಮಿಷದ ಒಳಗೇ, ಅವರೆಲ್ಲ ತಾವಾಗೇ ಇಷ್ಟಪಟ್ಟು ಸೇರಿದ್ದ ಜನ. ನೀವು ಕ್ಲಾಸ್ ಮುಗಿದ್ಮೇಲೆ, ಹೇಗೂ ಡಬ್ಬ-ಸ್ಕೇಲ್ ಸೆಟಪ್ ಇನ್ನೂ ಟೇಬಲ್ ಮೇಲೇ ಇರುತ್ತಲ್ಲ, ಅವತ್ತು ಜಾಸ್ತಿ ಜನ ತಪ್ಪು ಮಾಡಿದ ಒಂದೇ ಲೆಕ್ಕನ ಫೋನಲ್ಲಿ ಐದು ನಿಮಿಷಕ್ಕೆ ರೆಕಾರ್ಡ್ ಮಾಡಿ ಹಾಕಿ, ನಿಮ್ಮ ಕೈ ಮತ್ತೆ ಧ್ವನಿ ಸಾಕು. ಕಳಿಸೋವಾಗ ಎಚ್‌ಡಿ ಅಂತ ಒತ್ಬೇಡಿ, ಸಾದಾ ಕ್ವಾಲಿಟಿಲೇ ಕಳಿಸಿ, ಹಳ್ಳಿ ಫೋನುಗಳಲ್ಲಿ ಬೇಗ ಡೌನ್‌ಲೋಡ್ ಆಗುತ್ತೆ. ವಿಡಿಯೋ ಕೊನೆಗೆ ಉತ್ತರ ಇಲ್ಲದ ಒಂದು ಲೆಕ್ಕ ಬಿಟ್ಟಿರಿ, ಮುಂದಿನ ಕ್ಲಾಸಿಗೆ ಬಂದ ತಕ್ಷಣ ಚಾಟಿಗೆ ಹಾಕೋದು ಅದನ್ನೇ.